ಹ್ಯಾಲೋವೀನ್ ರಾತ್ರಿ ಮನೆಮಂದಿಯೆಲ್ಲ ಕೂತು ದೆವ್ವದ ಸಿನಿಮಾ: 5 ವರ್ಷದವಳಿಗೂ 14ರವನಿಗೂ ಒಂದೇ ಪರದೆ ಸಾಕಾ?

ಎಡಿಸನ್ ಎಳನೀರು
ಈ ವರ್ಷ, ಅಂದ್ರೆ 2026ರಲ್ಲಿ, ಅಕ್ಟೋಬರ್ 31 ಶನಿವಾರ ಬಿದ್ದಿದೆ. ಇಲ್ಲಿ ಅಮೆರಿಕದಲ್ಲಿ ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಕ್ಯಾಂಡಿ ಕೇಳೋ ಸುತ್ತಾಟ ಮುಗಿಸಿ ಬಂದ ಮೇಲೆ ಎಲ್ಲರೂ ಒಟ್ಟಿಗೆ ಕೂತು ಹೆದರಿಕೆ ಸಿನಿಮಾ ನೋಡೋದು, ಇದನ್ನೇ ವರ್ಷಾವರ್ಷ ನಡೆಸೋದು ಅಂತ ಯೋಚನೆ. ನೋಡೋರು: 5, 9, 14 ವರ್ಷದ ಮೂವರು ಮಕ್ಕಳು, ನಾವಿಬ್ಬರು, ಜೊತೆಗೆ ದಾವಣಗೆರೆಯಿಂದ ಬಂದಿರೋ ಅಜ್ಜಿ ತಾತ. 65 ಇಂಚಿನ ಟಿವಿ, ಸೌಂಡ್‌ಬಾರ್, ಸಬ್‌ವೂಫರ್ ಇವೆ. ಪ್ರೊಜೆಕ್ಟರ್ ತಗೊಂಡು ಹಿತ್ತಲಲ್ಲಿ ಹಾಕೋಣ್ವಾ ಅಂತ ದೊಡ್ಡವನ ಒತ್ತಾಯ.

ಪಿಜಿ (ಅಪ್ಪ ಅಮ್ಮನ ಮಾರ್ಗದರ್ಶನ ಇರಲಿ ಅನ್ನೋ ಅಮೆರಿಕದ ಸಿನಿಮಾ ದರ್ಜೆ) ಅಂತ ಬರೆದಿದ್ರೆ ಚಿಕ್ಕವಳಿಗೆ ತೊಂದರೆ ಇಲ್ಲ ತಾನೇ? ಒಂದೇ ಸಿನಿಮಾದಲ್ಲಿ ಎಲ್ಲರನ್ನೂ ಸುಧಾರಿಸಬಹುದಾ?

ಪರದೆಪ್ರಿಯ
ಪಿಜಿ ಅಂದಾಕ್ಷಣ ನಂಬಬೇಡಿ, ಯಾವ ವರ್ಷದ ಪಿಜಿ ಅಂತ ಕೇಳಿ. ಅಮೆರಿಕದಲ್ಲಿ ಪಿಜಿ-13 (13ರೊಳಗಿನವರಿಗೆ ಎಚ್ಚರಿಕೆ) ಅನ್ನೋ ದರ್ಜೆ ಹುಟ್ಟಿದ್ದೇ 1984ರ ಜುಲೈನಲ್ಲಿ. ಅದಕ್ಕೆ ಮುಂಚೆ ಪಿಜಿ ಬಿಟ್ರೆ ನೇರ ಆರ್ (17ರೊಳಗಿನವರು ದೊಡ್ಡವರ ಜೊತೆಗೇ ನೋಡಬೇಕಾದ್ದು), ನಡುವೆ ಮೆಟ್ಟಿಲೇ ಇರಲಿಲ್ಲ. ಹಾಗಾಗಿ 1975ರ 'ಜಾಸ್' ಪಿಜಿ. 1982ರ 'ಪೋಲ್ಟರ್‌ಗೈಸ್ಟ್' ಕೂಡ ಪಿಜಿ, ಅದರಲ್ಲಿ ಒಬ್ಬ ಕನ್ನಡಿ ಮುಂದೆ ನಿಂತು ತನ್ನ ಮುಖದ ಮಾಂಸ ತಾನೇ ಕಿತ್ಕೋತಾನೆ. 1984ರ ಜೂನ್‌ನಲ್ಲಿ ಬಂದ 'ಗ್ರೆಮ್ಲಿನ್ಸ್' ಸಹ ಪಿಜಿ, ಅದರ ಅಡುಗೆಮನೆ ದೃಶ್ಯದಲ್ಲಿ ಒಂದು ಗ್ರೆಮ್ಲಿನ್ (ಪುಟ್ಟ ಪಿಶಾಚಿ) ಮಿಕ್ಸಿಯಲ್ಲಿ, ಇನ್ನೊಂದು ಮೈಕ್ರೋವೇವ್‌ನಲ್ಲಿ ಮುಗಿಯುತ್ತೆ. ಹೊಸ ದರ್ಜೆ ಬೇಕು ಅನ್ನೋ ಗಲಾಟೆ ಎದ್ದಿದ್ದೇ ಆ ವರ್ಷದ ಇಂಥ ಸಿನಿಮಾಗಳಿಂದ.

ಎರಡನೇ ಪ್ರಶ್ನೆಗೆ ಉತ್ತರ: ಆಗಲ್ಲ. ಒಂದೇ ಸಿನಿಮಾ ಹಾಕಿದ್ರೆ 5 ವರ್ಷದವಳು ಅಳ್ತಾಳೆ, ಇಲ್ಲಾಂದ್ರೆ 14ರವನು ಫೋನ್ ಹಿಡೀತಾನೆ. ಪಾಳಿ ಮಾಡಿ. ಮೊದಲ ಪಾಳಿಗೆ 'ಇಟ್ಸ್ ದ ಗ್ರೇಟ್ ಪಂಪ್ಕಿನ್, ಚಾರ್ಲಿ ಬ್ರೌನ್', 1966ರದ್ದು, 25 ನಿಮಿಷ. ಎರಡನೇ ಪಾಳಿಗೆ 75ರಿಂದ 90 ನಿಮಿಷದ ಆನಿಮೇಶನ್. ಅಲ್ಲಿಗೆ ಚಿಕ್ಕವಳು ಹಾಸಿಗೆಗೆ. ಮೂರನೇ ಪಾಳಿ ದೊಡ್ಡವನದು. ಅವನಿಗೆ ಕಾದು ಕೂರೋದೇ ಒಂದು ಮರ್ಯಾದೆ, 'ರಾತ್ರಿ ಹತ್ತರ ಆಟ ನಂದು' ಅಂತ. ಆ ರಾತ್ರಿ 2 ಗಂಟೆಗೆ ಇಲ್ಲಿ ಬೇಸಿಗೆ ಸಮಯ ಮುಗಿದು ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ, ಈ ವರ್ಷ ನವೆಂಬರ್ 1 ಭಾನುವಾರ ನೋಡಿ. ಪುಕ್ಕಟೆ ಒಂದು ಗಂಟೆ ನಿದ್ದೆ.

ಚುರುಮುರಿ ಚಿಕಾಗೊ
ಅದು ದೊಡ್ಡವರಿಗೆ ಪುಕ್ಕಟೆ. 5 ವರ್ಷದವರು ಹಳೇ ಆರಕ್ಕೆ ಏಳೋರು ಹೊಸ ಐದಕ್ಕೇ ಎದ್ದು ಕೂರ್ತಾರೆ.

ಹುಬ್ಬಳ್ಳಿ ಹೋಮ್ ಥಿಯೇಟರ್
ಅಂಜಿಕಿ ಕಣ್ಣಾಗ ಇಲ್ರಿ, ಕಿವಿಯಾಗ ಐತಿ. ಯಾವದರ ದೆವ್ವದ ಸಿನಿಮಾ ಮ್ಯೂಟ್ ಮಾಡಿ ನೋಡ್ರಿ, ಅರ್ಧಕ್ಕರ್ಧ ನಗಿ ಬರ್ತದ. ಹಿಂಗಾಗಿ ಸಿನಿಮಾ ಆರಿಸೋಕ್ಕಿಂತ ಮೊದಲ ಸೌಂಡ್ ಸೆಟ್ ಮಾಡ್ರಿ.

ಒಂದು, ಸೌಂಡ್‌ಬಾರಿನ ಮೆನುದಾಗ ನೈಟ್ ಮೋಡ್ ಇರ್ತದ. ಅದು ಪಿಸುಮಾತು ಏರಿಸಿ, ಧಡ್ ಅನ್ನೋ ಸಪ್ಪಳ ಇಳಸ್ತದ. ಮೊದಲ ಎರಡು ಪಾಳಿಗೆ ಆನ್, ಮೂರನೇದಕ್ಕ ಆಫ್. ಎರಡು, ಸಬ್‌ವೂಫರ್ ಮೂಲಿಯಾಗ ಇಟ್ಟಿದ್ರ ಗ್ವಾಡಿ ಸೇರಿ ಗುಂಯ್ ಅಂತದ. ಒಂದೂವರಿ ಎರಡು ಫೂಟ್ ಈಚೆ ಎಳೀರಿ, ಸಣ್ಣ ಮಕ್ಕಳಿದ್ದಾಗ ಮಟ್ಟ ಅರ್ಧಕ್ಕ ಇಳಸ್ರಿ. ಆ ಗುಂಯ್ ಹೊಟ್ಟಿಗೆ ಬಡೀತದ, ಕೂಸಿಗೆ ಯಾಕ ಹೆದರಿಕಿ ಆಗ್ಲಿಕತ್ತೈತಿ ಅಂತ ತಿಳಿಯೂದಿಲ್ಲ. ಮೂರು, ರಿಮೋಟ್ ಒಬ್ಬರ ಕೈಯಾಗ ಇರಬೇಕು, ಹೆಬ್ಬಟ್ಟು ಮ್ಯೂಟ್ ಗುಂಡಿ ಮ್ಯಾಲೆ.

ಟಿವಿದಾಗ ಮೋಷನ್ ಸ್ಮೂದಿಂಗ್ (ಚಲನೆ ನುಣುಪು ಮಾಡೂ ಸೆಟ್ಟಿಂಗ್) ಬಂದ್ ಮಾಡ್ರಿ, ಇಲ್ಲಾಂದ್ರ ಎಂಥಾ ಸಿನಿಮಾನೂ ಧಾರಾವಾಹಿ ಕಂಡಂಗ ಕಾಣ್ತದ.

ಎಡಿಸನ್ ಎಳನೀರು
ಕತ್ತಲ ದೃಶ್ಯದಲ್ಲಿ ಪರದೆ ತುಂಬಾ ಚೌಕ ಚೌಕ ಕಾಣುತ್ತೆ. ಅದು ಟಿವಿ ದೋಷಾನಾ?

ಹುಬ್ಬಳ್ಳಿ ಹೋಮ್ ಥಿಯೇಟರ್
ಟಿವಿದಲ್ರಿ, ಸ್ಟ್ರೀಮಿಂಗಿಂದು. ಡೇಟಾ ಹಿಂಡಿ ಕಳಸೂ ಮುಂದ ಮೊದಲ ಕತ್ತಿ ಬೀಳೂದು ಕಪ್ಪು ಭಾಗದ ಮ್ಯಾಲೆ. ಸಂಜೀ ಮುಂದ ಓಣಿಯವರೆಲ್ಲಾ ನೋಡಾಕ ಕುಂತ್ರ ಇನ್ನಷ್ಟು ಕೆಡ್ತದ. ಟಿವಿಗೆ ವೈಫೈ ಬಿಟ್ಟು ವೈರ್ ಹಾಕ್ರಿ, ಡೌನ್‌ಲೋಡ್ ಸೌಲಭ್ಯ ಇದ್ರ ಮಧ್ಯಾಹ್ನನ ಇಳಿಸಿಟ್ಕೋರಿ. ಸಾರ್ವಜನಿಕ ಗ್ರಂಥಾಲಯದಾಗ ಬ್ಲೂ-ರೇ ಸಿಗ್ತಾವ, ಅಕ್ಟೋಬರ್ ಮೊದಲನೇ ವಾರದಾಗ ಹೋಲ್ಡ್ ಹಾಕಿದ್ರ (ಮುಂಗಡ ಕಾಯ್ದಿರಿಸಿದ್ರ) ಸಿಗ್ತಾವ, ಕೊನೀ ವಾರ ಹೋದ್ರ ಖಾಲಿ ಡಬ್ಬಿ.

ಇನ್ನೊಂದು, ಖೋಲಿ ಪೂರ್ತಿ ಕತ್ತಲಿ ಮಾಡಬ್ಯಾಡ್ರಿ. ಟಿವಿ ಹಿಂದ ಸಣ್ಣ ಬೆಳಕು ಗ್ವಾಡಿಗೆ ಬೀಳೂಹಂಗ ಇಡ್ರಿ. ಕಣ್ಣಿಗೆ ತ್ರಾಸಿಲ್ಲ, ಪರದಿ ಮ್ಯಾಲೆ ಬಿಂಬ ಬೀಳೂದಿಲ್ಲ, ಕೂಸಿಗೂ ಅವ್ವನ ಮಾರಿ ಕಾಣ್ತದ.

ಮಕ್ಕಳ ಮಾತು
ಕೊನೆಯ ಸಾಲು ಎಲ್ಲಕ್ಕಿಂತ ಮುಖ್ಯ. ಮಕ್ಕಳ ಹೆದರಿಕೆಯ ಬಗ್ಗೆ ಜೋಆನ್ ಕ್ಯಾಂಟರ್ ಅನ್ನುವ ಸಂಶೋಧಕಿ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅವರು ಹೇಳುವುದು ಸ್ಥೂಲವಾಗಿ ಹೀಗೆ: ಏಳು ವರ್ಷದೊಳಗಿನವರಿಗೆ ಭಯ ಹುಟ್ಟಿಸುವುದು ರೂಪ. ಕಥೆಯಲ್ಲಿ ಆ ಪ್ರಾಣಿ ಒಳ್ಳೆಯದೋ ಕೆಟ್ಟದ್ದೋ ಎಂಬುದು ಲೆಕ್ಕಕ್ಕಿಲ್ಲ. ಒಳ್ಳೆಯವನು ಕಣ್ಣೆದುರೇ ವಿಕಾರವಾಗಿ ಬದಲಾದರೂ ಚೀರುತ್ತಾರೆ. ದೊಡ್ಡ ಮಕ್ಕಳಿಗೆ ಭಯ 'ಇದು ನಮ್ಮ ಮನೆಯಲ್ಲೂ ಆಗಬಹುದು' ಅನ್ನಿಸುವ ಸಂಗತಿಗಳಿಂದ: ಕಳ್ಳ ನುಗ್ಗುವುದು, ಅಪ್ಪ ಅಮ್ಮ ಕಾಣೆಯಾಗುವುದು.

ಆದ್ದರಿಂದ ನಿಮ್ಮ 9 ವರ್ಷದ ಮಗುವಿಗೆ ಎಲುಬಿನ ಗೂಡು ಕುಣಿದರೆ ನಗು, ಆದರೆ ಅಮ್ಮನ ಮುಖದಲ್ಲಿ ಗುಂಡಿಯ ಕಣ್ಣಿರುವ 'ಕೊರಲೈನ್' ನೋಡಿದರೆ ರಾತ್ರಿ ನಿದ್ದೆ ಇಲ್ಲ. ಅದೂ ಪಿಜಿಯೇ, 2009ರದ್ದು. ಗೊಂಬೆ ಸಿನಿಮಾ ಎಂದುಕೊಂಡು ತಂದೆ ತಾಯಿ ಮೋಸ ಹೋಗುವುದು ಇದರಲ್ಲೇ ಹೆಚ್ಚು.

ಐದು ವರ್ಷದವಳಿಗೆ 'ಅದು ನಿಜ ಅಲ್ಲ ಪುಟ್ಟಾ' ಎಂದು ಹೇಳಿ ಪ್ರಯೋಜನ ಕಡಿಮೆ. ತೊಡೆ ಮೇಲೆ ಕೂರಿಸಿಕೊಳ್ಳಿ, ಹೊದಿಕೆ ಕೊಡಿ, ಕೈಗೆ ತಿನ್ನಲು ಏನಾದರೂ ಕೊಡಿ. ಒಂಬತ್ತರವರಿಗೆ ವಿವರಣೆ ಕೆಲಸ ಮಾಡುತ್ತದೆ: ಬಣ್ಣ ಹೇಗೆ ಬಳಿದರು, ಗೊಂಬೆ ಹೇಗೆ ಸರಿಸಿದರು ಅಂತ ಹಗಲಿನಲ್ಲೇ ಒಂದು ಮೇಕಿಂಗ್ ವಿಡಿಯೊ ತೋರಿಸಿ.

ನಾಳೆಬಾ
ದಿಢೀರ್ ಬೆಚ್ಚಿಬೀಳಿಸೋ ದೃಶ್ಯ ಎಷ್ಟನೇ ನಿಮಿಷಕ್ಕೆ ಅಂತ ಪಟ್ಟಿ ಕೊಡೋ 'ವೇರ್ಸ್ ದ ಜಂಪ್' ಅನ್ನೋ ತಾಣ ಇದೆ. ನಾಯಿ ಸಾಯುತ್ತಾ, ಮಗು ಸಾಯುತ್ತಾ ಅಂತ ನೋಡೋಕೆ 'ಡಸ್ ದ ಡಾಗ್ ಡೈ'. ವಯಸ್ಸಿನ ಪ್ರಕಾರ ಬೇಕಾದ್ರೆ 'ಕಾಮನ್ ಸೆನ್ಸ್ ಮೀಡಿಯಾ'. ಮೂರೂ ನೋಡಿ ನಿಮಿಷಗಳನ್ನ ಚೀಟಿಯಲ್ಲಿ ಬರ್ದು ರಿಮೋಟ್ ಹಿಂದೆ ಅಂಟಿಸಿ.

ಪರದೆಪ್ರಿಯ
ಚೀಟಿ ಐಡಿಯಾ ಚೆನ್ನಾಗಿದೆ, ಆದ್ರೆ ಆ ಪಟ್ಟಿಗಳು ಹಿಡಿಯೋದು ಬೆಚ್ಚಿಬೀಳಿಸೋದನ್ನ ಮಾತ್ರ. ನಿಧಾನಕ್ಕೆ ಏರೋ ಭಯ ಅದರಲ್ಲಿ ಬರಲ್ಲ. 'ದ ಕಾಂಜ್ಯುರಿಂಗ್' ನೋಡಿ, 2013ರದ್ದು, ರಕ್ತ ಕಡಿಮೆ, ಬೈಗುಳ ಕಡಿಮೆ, ಆದ್ರೂ ಆರ್. ಬರೀ ಹೆದರಿಕೆಗೇ ಕೊಟ್ಟಿದ್ದು ಅಂದ್ರೂ ತಪ್ಪಿಲ್ಲ.

ಮಸಾಲೆಪುರಿ ಮಿಲ್ಪಿಟಸ್
ಎರಡನೇ ಪಾಳಿಗೆ ಟಿಮ್ ಬರ್ಟನ್ ನಿರ್ದೇಶನದ 'ದ ನೈಟ್‌ಮೇರ್ ಬಿಫೋರ್ ಕ್ರಿಸ್‌ಮಸ್' ಹಾಕಿ, ಯೋಚನೇನೇ ಬೇಡ.

ರೀಲು ರಾಯ
ನಿರ್ದೇಶಕ ಹೆನ್ರಿ ಸೆಲಿಕ್ ಸ್ವಾಮಿ. ಬರ್ಟನ್‌ದು ಕಥೆ ಮತ್ತು ನಿರ್ಮಾಣ. ಮೇಲೆ ಹೇಳಿದ 'ಕೊರಲೈನ್' ಕೂಡ ಸೆಲಿಕ್ ಅವರದ್ದೇ. 'ನೈಟ್‌ಮೇರ್' 1993ರದ್ದು, 76 ನಿಮಿಷ, ಪಿಜಿ. ಚಿಕ್ಕವರಿಗೆ ಸಮಸ್ಯೆ ಬರೋದು ಗೋಣಿಚೀಲದ ಖಳ ಊಗಿ ಬೂಗಿ ಬಿಚ್ಚಿಕೊಂಡು ಹುಳಗಳ ರಾಶಿ ಆಗೋವಾಗ, ಅದೂ ಕೊನೇ ಹತ್ತು ಹದಿನೈದು ನಿಮಿಷದಲ್ಲಿ. ಅಷ್ಟೊತ್ತಿಗೆ ಮಲಗಿಬಿಟ್ಟಿದ್ರೆ ಬಚಾವ್.

ಚುರುಮುರಿ ಚಿಕಾಗೊ
ಅದು ಕ್ರಿಸ್‌ಮಸ್ ಸಿನಿಮಾ, ಹ್ಯಾಲೋವೀನ್‌ದಲ್ಲ.

ರೀಲು ರಾಯ
ಶುರುವಾಯ್ತು ನೋಡಿ.

ಮಸಾಲೆಪುರಿ ಮಿಲ್ಪಿಟಸ್
ಸರಿ, ಸೆಲಿಕ್. ಹಾಗಾದ್ರೆ 'ಹೋಕಸ್ ಪೋಕಸ್'? ಅದೂ 1993, ಅದೂ ಪಿಜಿ.

ಪರದೆಪ್ರಿಯ
ಹಾಕಬಹುದು. ಆದ್ರೆ ಅದರಲ್ಲಿ ಮಾಟಗಾತಿಯರನ್ನ ಎಬ್ಬಿಸೋ ಮೇಣದಬತ್ತಿ ಹಚ್ಚೋನು 'ವರ್ಜಿನ್' ಆಗಿರಬೇಕು ಅನ್ನೋದೇ ಕಥೆಯ ಕೀಲಿ, ಆ ಪದ ಮತ್ತೆ ಮತ್ತೆ ಬರುತ್ತೆ. 9 ವರ್ಷದವರು 'ಹಂಗಂದ್ರೇನು?' ಅಂತ ಅಜ್ಜಿ ಮುಂದೆಯೇ ಕೇಳೋದು ಖಂಡಿತ. ಉತ್ತರ ಮೊದಲೇ ತಯಾರಿಟ್ಕೊಳ್ಳಿ. 'ಗ್ರೆಮ್ಲಿನ್ಸ್'ನಲ್ಲಿ ಇನ್ನೊಂಥರಾ ಪೇಚು: ಸ್ಯಾಂಟಾ ವೇಷದ ಅಪ್ಪ ಚಿಮಣಿಯಲ್ಲಿ ಸತ್ತ ಕಥೆ ಹೇಳ್ತಾ ಹೇಳ್ತಾ ಸ್ಯಾಂಟಾ ಇಲ್ಲ ಅನ್ನೋ ಗುಟ್ಟನ್ನೂ ಒಬ್ಬಳು ಒಡೀತಾಳೆ. ಚಿಕ್ಕವಳು ಇನ್ನೂ ಡಿಸೆಂಬರ್‌ಗೆ ಕಾಯ್ತಿದ್ರೆ ಅದನ್ನ ಮುಟ್ಟಬೇಡಿ.

ಇವೆರಡರ ತಲೆನೋವೇ ಬೇಡ ಅಂದ್ರೆ 'ವಾಲೇಸ್ ಆ್ಯಂಡ್ ಗ್ರೋಮಿಟ್: ದ ಕರ್ಸ್ ಆಫ್ ದ ವೇರ್-ರ್‍ಯಾಬಿಟ್', 2005. ದರ್ಜೆ ಜಿ, ಅಂದ್ರೆ ಎಲ್ಲ ವಯಸ್ಸಿನವರಿಗೂ. ದೈತ್ಯ ಮೊಲ ತರಕಾರಿ ಕದಿಯುತ್ತೆ, ಕುಂಬಳಕಾಯೀನೂ ಇದೆ. ತಾತನಿಗೂ ಹಿಡಿಸುತ್ತೆ, ಭಾಷೆ ಬೇಕಾಗಿಲ್ಲ, ನಾಯಿ ಮಾತೇ ಆಡಲ್ಲ.

ಮಂಗಳೂರ ಮೀನು
ಅಜ್ಜಿ ತಾತನಿಗೆ ಕನ್ನಡದ್ದೇ ಹಾಕಿ ಮಾರಾಯ್ರೇ. 1979ರ 'ನಾ ನಿನ್ನ ಬಿಡಲಾರೆ' ಉಂಟಲ್ಲ, ಅನಂತ್ ನಾಗ್, ಲಕ್ಷ್ಮಿ. ಇಲ್ಲಾದ್ರೆ 2004ರ 'ಆಪ್ತಮಿತ್ರ'. ಆದ್ರೆ ಅದು ಎರಡೂವರೆ ಗಂಟೆಗಿಂತ ಉದ್ದ, ಮೂರನೇ ಪಾಳಿಗೆ ಹಾಕಿದ್ರೆ ಮಧ್ಯರಾತ್ರಿ ದಾಟ್ತದೆ. ಹಾಗಾಗಿ ಶುಕ್ರವಾರ ರಾತ್ರಿ ಇಂಟರ್ವಲ್‌ವರೆಗೆ, ಶನಿವಾರ ಮಧ್ಯಾಹ್ನ ಉಳಿದದ್ದು.

ಮತ್ತೆ ಒಂದು ವಿಷಯ. ಯಾರೂ 'ಭೂತದ ಸಿನಿಮಾ' ಅಂತ ಬರೀಬೇಡಿ ಇಲ್ಲಿ. ನಮ್ಮ ಕಡೆ ಭೂತ ಅಂದ್ರೆ ದೈವ, ಕೋಲ ಕಟ್ಟಿ ಕೈಮುಗಿಯುವುದು. ನೀವು ಹೇಳುವುದು ಪ್ರೇತ, ಪಿಶಾಚಿ.

ರೀಲು ರಾಯ
ಯಾರೂ ಬರೆದಿಲ್ಲವಲ್ಲ ಸಾರ್, ಶೀರ್ಷಿಕೆಯಲ್ಲಿ 'ದೆವ್ವ' ಅಂತಿದೆ.

ಮಂಗಳೂರ ಮೀನು
ಬರೆಯುವ ಮೊದಲೇ ಹೇಳಿದೆ, ಅಷ್ಟೇ.

ಚುರುಮುರಿ ಚಿಕಾಗೊ
'ಆಪ್ತಮಿತ್ರ'ದಲ್ಲಿ ದೆವ್ವ ಇದೆಯಾ ಇಲ್ವಾ ಅನ್ನೋದೇ ಇನ್ನೂ ತೀರ್ಮಾನ ಆಗಿಲ್ಲ, ಮನೋರೋಗದ ಕಥೆ ಅದು. ಅಜ್ಜಿಗೆ ಅದನ್ನ ವಿವರಿಸೋಕೆ ಹೋಗಿ ಊಟ ತಣ್ಣಗಾಗುತ್ತೆ.

ಎಡಿಸನ್ ಎಳನೀರು
ದೊಡ್ಡವನಿಗೆ? 'ಎ ಕ್ವೈಟ್ ಪ್ಲೇಸ್' ಕೇಳ್ತಿದ್ದಾನೆ. ಹಾಗೇ ಪ್ರೊಜೆಕ್ಟರ್ ವಿಷಯ ಯಾರೂ ಹೇಳ್ಲಿಲ್ಲ.

ಪರದೆಪ್ರಿಯ
2018, ಪಿಜಿ-13, 90 ನಿಮಿಷ, 14ರವನಿಗೆ ಸರಿ. ಆದ್ರೆ ಶುರುವಿನಲ್ಲೇ ಮನೆಯ ಚಿಕ್ಕ ಮಗು ಸಾಯುತ್ತೆ. ಚಿಕ್ಕ ತಂಗಿ ಇರೋ ಹುಡುಗನಿಗೆ ಅದು ಬೇರೆ ಥರ ನಾಟಬಹುದು, ಮೊದಲೇ ಹೇಳಿಬಿಡಿ. ಮತ್ತೆ ಅದು ಪೂರ್ತಿ ನಿಶ್ಶಬ್ದದ ಮೇಲೆ ನಿಂತ ಸಿನಿಮಾ. ಕುರುಂ ಕುರುಂ ತಿನ್ನೋರು ಪಕ್ಕದಲ್ಲಿದ್ರೆ ಮುಗೀತು. ಪಾಪ್‌ಕಾರ್ನ್ ಎರಡನೇ ಪಾಳಿಗೇ ಖಾಲಿ ಮಾಡಿ. 'ದ ಅದರ್ಸ್' (2001) ಇದಕ್ಕಿಂತ ಉತ್ತಮ ಅಂತ ನನ್ನ ಮತ. ಪಿಜಿ-13, ರಕ್ತವೇ ಇಲ್ಲ ಅನ್ನಬಹುದು, ಬಾಗಿಲು ಪರದೆಗಳಲ್ಲೇ ಹೆದರಿಸುತ್ತೆ.

ಹಿತ್ತಲ ಟಾಕೀಸ್
ಪ್ರೊಜೆಕ್ಟರ್ ನನಗೆ ಬಿಡಿ.

ಕತ್ತಲು ಮೊದಲು. ಅಕ್ಟೋಬರ್ 31ಕ್ಕೆ ನ್ಯೂಜೆರ್ಸಿಯಲ್ಲಿ ಸೂರ್ಯ ಆರಕ್ಕೆ ಸ್ವಲ್ಪ ಮುಂಚೆ ಮುಳುಗ್ತಾನೆ, ಡಲ್ಲಾಸ್‌ನಲ್ಲಿ ಆರೂವರೆ ದಾಟುತ್ತೆ. ಅದರ ಮೇಲೆ ಮುಕ್ಕಾಲು ಗಂಟೆ ಸೇರಿಸಿ, ಅದು ನಿಮ್ಮ ಶುರುವಿನ ಸಮಯ. ಅಷ್ಟರಲ್ಲಿ ಬೀದಿದೀಪ ಎಲ್ಲಿ ಬೀಳುತ್ತೆ ನೋಡ್ಕೊಂಡು ಪರದೆಯನ್ನ ಅದಕ್ಕೆ ಬೆನ್ನು ಮಾಡಿ ನಿಲ್ಲಿಸಿ.

ಪರದೆ: ಮೂಲೆಯಿಂದ ಮೂಲೆಗೆ 100 ಇಂಚು ಅಂದ್ರೆ ಅಗಲ 87, ಎತ್ತರ 49 ಇಂಚು. ಬಿಳಿ ಬೆಡ್‌ಶೀಟ್ ಎಲ್ಲರೂ ಹೇಳ್ತಾರೆ, ಆದ್ರೆ ಅರ್ಧ ಬೆಳಕು ಆಚೆ ಹೋಗುತ್ತೆ. ಹಿಂದೆ ಕಪ್ಪು ಬಟ್ಟೆ ಹೊಲಿಸಿ, ಅಥವಾ ಬ್ಲ್ಯಾಕ್‌ಔಟ್ ಪರದೆ ಬಟ್ಟೆಯನ್ನೇ ತನ್ನಿ. ಮೇಲಿನ ಅಂಚು ಕಟ್ಟಿದ್ರೆ ಸಾಲದು, ಕೆಳಗಿನ ಅಂಚಿಗೆ ಕೋಲು ತೂರಿಸಿ ಎರಡೂ ಕಡೆ ಎಳೆದು ಕಟ್ಟಿ, ಇಲ್ಲಾಂದ್ರೆ ಗಾಳಿಗೆ ದೆವ್ವದ ಮುಖವೇ ಅಲ್ಲಾಡುತ್ತೆ. ಗಾಳಿ ತುಂಬೋ ಪರದೆ ತರೋರು ಒಂದು ನೆನಪಿಡಿ, ಅದರ ಬ್ಲೋವರ್ ಸಿನಿಮಾ ಮುಗಿಯೋವರೆಗೂ ಓಡ್ತಾನೇ ಇರುತ್ತೆ.

ಬೆಳಕು: ಡಬ್ಬಿ ಮೇಲೆ 9000 ಲ್ಯೂಮೆನ್ ಅಂತ ಬರೆದಿರೋದನ್ನ ನಂಬಬೇಡಿ, 'ಆನ್ಸಿ' (ANSI, ಬೆಳಕು ಅಳೆಯೋ ಮಾನದಂಡ) ಅನ್ನೋ ಪದ ಪಕ್ಕದಲ್ಲಿರೋ ಸಂಖ್ಯೆ ಮಾತ್ರ ಲೆಕ್ಕ. ಪೂರ್ತಿ ಕತ್ತಲಲ್ಲಿ 100 ಇಂಚಿಗೆ ಸಾವಿರ ಇದ್ರೆ ನಡೆಯುತ್ತೆ.

ಶಬ್ದ: ಬ್ಲೂಟೂತ್ ಸ್ಪೀಕರ್ ಬೇಡ. ಬೇರೆ ಸಿನಿಮಾದಲ್ಲಿ ಸೆಕೆಂಡಿನ ಐದನೇ ಒಂದು ಭಾಗ ತಡ ಆದ್ರೆ ತುಟಿಗೂ ಮಾತಿಗೂ ಸ್ವಲ್ಪ ಹೊಂದಲ್ಲ ಅಷ್ಟೇ. ಇದರಲ್ಲಿ ಕಪಾಟಿನಿಂದ ಕೈ ಬಂದು ಆದ ಮೇಲೆ 'ಧಡ್' ಅನ್ನುತ್ತೆ, ಎಲ್ಲಾ ನಗ್ತಾರೆ. ಆಕ್ಸ್ ವೈರ್ ಹಾಕಿ.

ಹೊರಗಿನ ಚಳಿಗೆ ಲೆನ್ಸ್ ಮೇಲೆ ಹನಿ ಕಟ್ಟುತ್ತೆ, ಹಾಗಾಗಿ ಅರ್ಧ ಗಂಟೆ ಮೊದಲೇ ಹೊರಗಿಡಿ.

ಹುಬ್ಬಳ್ಳಿ ಹೋಮ್ ಥಿಯೇಟರ್
ಎಲ್ಲಾ ಖರೆ, ಕಡೀದ್ದು ಉಲ್ಟಾ ರೀ. ಬೆಚ್ಚನ ಸಾಮಾನು ಥಂಡಿಗೆ ಹೋದ್ರ ಹನಿ ಕೂಡೂದಿಲ್ಲ. ಥಂಡಿ ಆದ ಸಾಮಾನು ಬೆಚ್ಚನ ಮನಿಯೊಳಗ ಬಂದಾಗ ಕೂಡ್ತದ. ಆಟ ಮುಗದ ಮ್ಯಾಲೆ ಚೀಲದಾಗ ಹಾಕಿ ಮುಚ್ಚಿ ಒಳಗ ಇಡ್ರಿ, ಮರುದಿನದ ತನಕ ಸ್ವಿಚ್ ಮುಟ್ಟಬ್ಯಾಡ್ರಿ.

ಹಿತ್ತಲ ಟಾಕೀಸ್
ಸರಿ, ಒಪ್ಪಿದೆ. ಆದ್ರೂ ಹುಲ್ಲಿನ ಮೇಲೆ ಇಟ್ರೆ ಇಬ್ಬನಿ ಕೂರುತ್ತೆ, ಮೇಜಿನ ಮೇಲಿಡಿ.

ಮಸಾಲೆಪುರಿ ಮಿಲ್ಪಿಟಸ್
ಇಷ್ಟೆಲ್ಲ ಮಾಡೋದಾದ್ರೆ ಅಪಾರ್ಟ್‌ಮೆಂಟ್ ಕ್ಲಬ್‌ಹೌಸ್‌ನಲ್ಲೇ ಹಾಕಿ, ಕನ್ನಡ ಕೂಟದ ಮಕ್ಕಳನ್ನೆಲ್ಲ ಕರೀಬಹುದು. ಟಿಕೆಟ್ ಇಡದಿದ್ರೆ ಕಾನೂನಿನ ತೊಂದರೆ ಏನಿಲ್ಲ.

ರೀಲು ರಾಯ
ಇದೆ. ಅಮೆರಿಕದ ಹಕ್ಕುಸ್ವಾಮ್ಯ ಕಾನೂನಿನಲ್ಲಿ ಮನೆಮಂದಿ ಮತ್ತು ಅವರ ಮಾಮೂಲಿ ಸ್ನೇಹಿತರ ಬಳಗ ದಾಟಿದ ಕೂಟಕ್ಕೆ ತೋರಿಸಿದ್ರೆ ಅದು ಸಾರ್ವಜನಿಕ ಪ್ರದರ್ಶನ. ದುಡ್ಡು ತಗೊಂಡ್ರೂ ಅಷ್ಟೇ, ಬಿಟ್ರೂ ಅಷ್ಟೇ. ಡಿಸ್ಕ್ ನಿಮ್ಮದಾಗಿದ್ರೂ, ಸ್ಟ್ರೀಮಿಂಗ್ ಚಂದಾ ಕಟ್ಟಿದ್ರೂ ಆ ಹಕ್ಕು ಬರಲ್ಲ. ಅದಕ್ಕೆ ಬೇರೆ ಪರವಾನಗಿ ಬೇಕು, 'ಸ್ವಾಂಕ್'ನಂಥ ಸಂಸ್ಥೆಗಳು ಕೊಡ್ತವೆ.

ಮಸಾಲೆಪುರಿ ಮಿಲ್ಪಿಟಸ್
ಕನ್ನಡ ಕಲಿ ತರಗತಿ ಅಂತ ಹೇಳಿದ್ರೆ?

ರೀಲು ರಾಯ
ಲಾಭರಹಿತ ಶಿಕ್ಷಣ ಸಂಸ್ಥೆಯಲ್ಲಿ ಶಿಕ್ಷಕರು ಎದುರು ನಿಂತು ಪಾಠದ ಭಾಗವಾಗಿ ತೋರಿಸೋದಕ್ಕೆ ಮಾತ್ರ ವಿನಾಯಿತಿ. ಕೈಯಲ್ಲಿ ಪಾಪ್‌ಕಾರ್ನ್ ಇಟ್ಕೊಂಡು 'ಕ ಕಾ ಕಿ ಕೀ' ಅಂದ್ರೆ ನಡೆಯಲ್ಲ.

ಹಕ್ಕು ಮುಗಿದವನ್ನ ಹಾಕಿ. 1929ರ 'ದ ಸ್ಕೆಲಿಟನ್ ಡಾನ್ಸ್', ಡಿಸ್ನಿಯ ಐದಾರು ನಿಮಿಷದ ಕಾರ್ಟೂನ್, 2025ರ ಜನವರಿ 1ಕ್ಕೆ ಅಮೆರಿಕದಲ್ಲಿ ಸಾರ್ವಜನಿಕ ಆಸ್ತಿ ಆಯ್ತು. ಎಲುಬುಗಳು ಎದ್ದು ಕುಣಿಯುತ್ವೆ, ಮಾತೇ ಇಲ್ಲ, ಐದು ವರ್ಷದವರೂ ಎದ್ದು ಕುಣೀತಾರೆ. ದೊಡ್ಡವರಿಗೆ 1922ರ ಮೂಕಿ ಸಿನಿಮಾ 'ನೋಸ್ಫೆರಾಟು'. ಆದ್ರೆ ಹೊಸದಾಗಿ ಸಂಗೀತ ಕೂರಿಸಿದ ಪ್ರತಿಗೆ ಆ ಸಂಗೀತದ ಹಕ್ಕು ಬೇರೆ ಇರಬಹುದು, ನೋಡಿ ತಗೊಳ್ಳಿ.

ನಾಳೆಬಾ
'ನೈಟ್ ಆಫ್ ದ ಲಿವಿಂಗ್ ಡೆಡ್' ಕೂಡ ಅಲ್ವಾ?

ರೀಲು ರಾಯ
ಹೌದು, 1968ರದ್ದು. ವಿತರಕರು ಕೊನೇ ಗಳಿಗೆಯಲ್ಲಿ ಸಿನಿಮಾ ಹೆಸರು ಬದಲಿಸಿದಾಗ ಹಳೇ ಶೀರ್ಷಿಕೆ ಜೊತೆ ಇದ್ದ ಹಕ್ಕುಸ್ವಾಮ್ಯದ ಸಾಲೂ ಬಿಟ್ಟುಹೋಯ್ತು. ಆ ಕಾಲದ ಕಾನೂನಿಗೆ ಅಷ್ಟೇ ಸಾಕಾಗಿತ್ತು, ಹಕ್ಕು ಹೋಯ್ತು. ಪುಕ್ಕಟೆ ಸಿಗುತ್ತೆ, ಕಪ್ಪು ಬಿಳುಪು ಬೇರೆ ಅಂತ ಮಕ್ಕಳಿಗೆ ಹಾಕಬೇಡಿ. ಮಗಳು ಅಮ್ಮನನ್ನ ಕರಣೆಯಿಂದ ತಿವಿದು ಕೊಲ್ಲೋ ದೃಶ್ಯ ಇದೆ.

ಚುರುಮುರಿ ಚಿಕಾಗೊ
ಈಗ ಮುಖ್ಯ ವಿಷಯ, ತಿಂಡಿ. ಅರ್ಧ ಕಪ್ ಜೋಳ, ಮೂರು ಚಮಚ ಎಣ್ಣೆ, ದಪ್ಪ ತಳದ ಪಾತ್ರೆ. ಮೊದಲು ಮೂರೇ ಕಾಳು ಹಾಕಿ, ಅವು ಸಿಡಿದ ಮೇಲೆ ಉಳಿದದ್ದು. 14 ಕಪ್ ಹತ್ತಿರ ಆಗುತ್ತೆ, ನಿಮ್ಮ ಏಳು ಜನಕ್ಕೆ ಸಾಕು. ಒಗ್ಗರಣೆ ಬೇಕಾದ್ರೆ ಅರಿಶಿನ, ಉಪ್ಪು, ಪುಡಿ ಮಾಡಿದ ಕರಿಬೇವು, ಎಲ್ಲಾ ಒಣಗಿದ್ದು, ಬಿಸಿ ಎಣ್ಣೆಗೇ ಹಾಕಿ. ನಿಂಬೆರಸ, ಈರುಳ್ಳಿ ಹಾಕಿದ್ರೆ ಎರಡೇ ನಿಮಿಷದಲ್ಲಿ ಸುರುಟಿ ಮೆತ್ತಗಾಗುತ್ತೆ, ಅದಕ್ಕೆ ಮಂಡಕ್ಕಿನೇ ಸರಿ. ಇನ್ನು 4 ವರ್ಷದೊಳಗಿನ ಮಕ್ಕಳು ಅತಿಥಿಯಾಗಿ ಬಂದ್ರೆ ಪಾಪ್‌ಕಾರ್ನ್ ಕೊಡಲೇಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ.

ಮಕ್ಕಳ ಮಾತು
ಸಸ್ಯಾಹಾರಿ ಮನೆಯವರು ಕ್ಯಾಂಡಿ ಚೀಲ ಸಿನಿಮಾಗೆ ಮೊದಲೇ ವಿಂಗಡಿಸಿ, ಕತ್ತಲಲ್ಲಿ ಆಗುವುದಿಲ್ಲ. ಗಮ್ಮಿ, ಮಾರ್ಷ್‌ಮೆಲೋ, ಕ್ಯಾಂಡಿ ಕಾರ್ನ್ ಇವುಗಳಲ್ಲಿ ಸಾಮಾನ್ಯವಾಗಿ ಜೆಲಟಿನ್ (ಪ್ರಾಣಿಗಳ ಚರ್ಮ, ಎಲುಬಿನಿಂದ ತೆಗೆದದ್ದು) ಇರುತ್ತದೆ. ಸಣ್ಣ ಪೊಟ್ಟಣದ ಮೇಲೆ ಏನೇನು ಹಾಕಿದ್ದಾರೆಂದು ಬರೆದಿರುವುದೇ ಇಲ್ಲ ಎಷ್ಟೋ ಸಲ.

ಮಂಗಳೂರ ಮೀನು
ಸಿನಿಮಾ ನಡೀತಾ ಇರುವಾಗ ಬೆಲ್ ಮಾಡುವ ಮಕ್ಕಳಿಗೆ ಏನು ಮಾಡುವುದು? ಪ್ರತಿ ಸಲ ಪಾಸ್ ಮಾಡ್ತಾ ಕೂರ್ಲಿಕ್ಕಾಗ್ತದಾ?

ನಾಳೆಬಾ
ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೀರಿ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ದೆವ್ವ ಓದಿ ವಾಪಸ್ ಹೋಗ್ತಿತ್ತಂತೆ.

ಪರದೆಪ್ರಿಯ
ದೆವ್ವಕ್ಕೆ ಕನ್ನಡ ಬರ್ತಿತ್ತು, ನ್ಯೂಜೆರ್ಸಿಯ ಎಡಿಸನ್‌ನ ಮಕ್ಕಳಿಗೆ ಬರಬೇಕಲ್ಲ! ಇಲ್ಲಿ 'ನಾಳೆ ಬಾ' ಅಂದ್ರೆ ಮುಂಬಾಗಿಲ ದೀಪ ಆರಿಸೋದು. ದೀಪ ಇದ್ರೆ ಬರ್ತಾರೆ, ಇಲ್ಲದಿದ್ರೆ ಮುಂದಿನ ಮನೆಗೆ. ಬೇಸರ ಆದ್ರೆ ಮೆಟ್ಟಿಲ ಮೇಲೆ ಬೋಗುಣಿ ಇಡಿ, ದೀಪ ಆರಿಸಬೇಡಿ.

ಚುರುಮುರಿ ಚಿಕಾಗೊ
ಮೊದಲ ಗುಂಪಿನ ದೊಡ್ಡ ಹುಡುಗರೇ ಬೋಗುಣಿ ಪೂರ್ತಿ ಎತ್ಕೊಂಡು ಹೋಗ್ತಾರೆ. ಒಂದೊಂದು ಹಿಡಿ ಮಾತ್ರ ಹಾಕಿ, ಪಾಳಿ ಬದಲಾಗುವಾಗ ಮತ್ತೆ ತುಂಬಿ.

ಎಡಿಸನ್ ಎಳನೀರು
ಸರಿ, ತೀರ್ಮಾನ: ಸಂಜೆ 7:45ಕ್ಕೆ ಚಾರ್ಲಿ ಬ್ರೌನ್, 8:15ಕ್ಕೆ ಮೊಲ, 10ಕ್ಕೆ 'ದ ಅದರ್ಸ್'. ಎಲ್ಲಾ ಒಳಗೇ, ಪ್ರೊಜೆಕ್ಟರ್ ಬರೋ ವರ್ಷಕ್ಕೆ. ಅಜ್ಜಿ ತಾತನಿಗೆ ಶುಕ್ರವಾರವೇ ಅನಂತ್ ನಾಗ್.

ಹುಬ್ಬಳ್ಳಿ ಹೋಮ್ ಥಿಯೇಟರ್
ಮರುದಿನ ನವೆಂಬರ್ 1, ರಾಜ್ಯೋತ್ಸವ ಐತಿ, ಮರೀಬ್ಯಾಡ್ರಿ. ಮಾರಿ ಮ್ಯಾಲಿನ ದೆವ್ವದ ಬಣ್ಣ ರಾತ್ರೀನ ಎಣ್ಣಿ ಹಚ್ಚಿ ಒರಸ್ರಿ. ಮುಂಜಾನೆ ಬರೇ ನೀರಿಗೆ ಹೋಗೂದಿಲ್ಲ.